ಬೆಟ್ಟ ಇಳಿಯುವ ಕಾಲು

ಮಸಿನಗುಡಿ,
ಭಾನುವಾರ ರಾತ್ರಿ

ಚಿ॥ ಪುಟ್ಟಿಗೆ,

ಬಿಸಿಲು ಏರಿದೆ, ಮಾಯಾರಿನ ಕಡೆ ಕಾಡೆಲ್ಲ ಒಣಗಿ ನಿಂತಿದೆ, ಕತ್ತಲಾದ ಮೇಲೆ ಆನೆಯ ಭಯಕ್ಕೆ ಯಾರೂ ಅಂಗಳ ದಾಟುತ್ತಿಲ್ಲ. ನಿಮ್ಮಮ್ಮ ನಿನಗೆಂದು ಒಂದು ಭರಣಿ ಉಪ್ಪಿನಕಾಯಿ ಹಾಕಿಟ್ಟಿದ್ದಾಳೆ.

ಈ ಕಾಗದದ ಮಾತನ್ನು ಫೋನಿನಲ್ಲೇ ಹೇಳಬಹುದಿತ್ತು. ಹೇಳಿದರೆ "ಆಯ್ತು ದೊಡ್ಡಮ್ಮ, ಆಯ್ತು" ಎಂದು ಇಟ್ಟುಬಿಡುತ್ತೀಯ. ಕಾಗದವಾದರೆ ರಾತ್ರಿ ಮಲಗುವ ಮುಂಚೆ ಇನ್ನೊಂದು ಸಲ ತೆಗೆದು ಓದುತ್ತೀಯ ಎನ್ನುವುದು ನನಗೆ ಗೊತ್ತು. ಚಿಕ್ಕವಳಿದ್ದಾಗಿನಿಂದ ನೀನು ಹಾಗೇ.

ಬೊಕ್ಕಾಪುರದ ಮಾರಿಯಮ್ಮನ ಜಾತ್ರೆಯ ದಿನ ಗುಡಿಯ ಹೊರಗೆ ಚಪ್ಪಲಿ ಬಿಟ್ಟೆಯಲ್ಲ, ಆಗ ನಿನ್ನ ಪಾದ ನೋಡಿದೆ. ಕಿರುಬೆರಳಿನ ಮೇಲೆ ಆಣಿ ಎದ್ದಿದೆ. ಹೆಬ್ಬೆರಳು ಪಕ್ಕದ ಬೆರಳಿನ ಕಡೆಗೆ ವಾಲಿದೆ, ಅದರ ಬುಡದ ಮೂಳೆ ಹೊರಗೆ ಉಬ್ಬಿ ಕೆಂಪಗಾಗಿದೆ. ಹಿಮ್ಮಡಿಯ ಹಿಂದೆ ಷೂ ಉಜ್ಜಿ ಉಜ್ಜಿ ಚರ್ಮ ಗಡುಸಾಗಿದೆ. ಎಲ್ಲರೂ ಗುಡಿ ಸುತ್ತುತ್ತಿದ್ದರೆ ನೀನು ಒಂದೇ ಸುತ್ತಿಗೆ ಕಲ್ಲಿನ ಮೇಲೆ ಕೂತುಬಿಟ್ಟೆ. ಯಾಕೆ ಎಂದು ನಿಮ್ಮಮ್ಮ ಕೇಳಿದ್ದಕ್ಕೆ, "ಬರಿಗಾಲಲ್ಲಿ ನಡೆದರೆ ಮೀನಖಂಡ ಹಿಡ್ಕೊಳ್ಳತ್ತಮ್ಮ, ಹೀಲ್ಸ್ ಹಾಕಿದ್ರೇ ಆರಾಮ" ಎಂದೆ. ಆ ಮಾತು ನನ್ನ ಎದೆಗೆ ಚುಚ್ಚಿತು. 23 ವರ್ಷದ ಹುಡುಗಿಗೆ, ಕಲ್ಲಟ್ಟಿ ಘಾಟಿಯ ಕೆಳಗೆ ಹುಟ್ಟಿ ಬೆಟ್ಟ ಹತ್ತಿ ಇಳಿದು ಬೆಳೆದವಳಿಗೆ, ಸಮನೆಲದ ಮೇಲೆ ಬರಿಗಾಲಿಡುವುದು ನೋವಾಗುತ್ತದೆ ಎಂದರೆ ಅದು ಸಣ್ಣ ವಿಷಯವಲ್ಲ.

ನಾನು ಯಾರು ಇದನ್ನು ಹೇಳುತ್ತಿರುವುದು ಎಂದು ಯೋಚಿಸಿದೆ. ವಿಲೇಜ್ ಹೆಲ್ತ್ ನರ್ಸ್ ಆಗಿ ಮೂರು ದಶಕ ಈ ಸೀಮೆಯಲ್ಲಿ ಓಡಾಡಿದೆ: ಮಾವನಲ್ಲ, ವಾಳೈತೋಟ, ಸಿರಿಯೂರು, ಆನೆಕಟ್ಟಿ. ಸೌದೆಗೆ ಕಾಡಿಗೆ ಹೋಗುವ ಇರುಳರ ಹೆಣ್ಣುಮಕ್ಕಳ ಮುಂದೆ ಕೂತು, "ಚಪ್ಪಲಿ ಹಾಕ್ರವ್ವ, ಬರಿಗಾಲಲ್ಲಿ ಹೋದರೆ ಕೊಕ್ಕೆಹುಳ ಅಂಗಾಲಿನಿಂದಲೇ ಮೈಯೊಳಗೆ ಹೋಗುತ್ತೆ, ರಕ್ತ ಕಡಿಮೆಯಾಗುತ್ತೆ" ಎಂದು ಬೇಡಿಕೊಂಡವಳು ನಾನು. ಅವರ ಕಾಲು ಮುಟ್ಟಿ ನೋಡಿದ್ದೇನೆ. ಹಿಮ್ಮಡಿ ಬಿರಿದಿತ್ತು, ಮುಳ್ಳು ಮುರಿದು ಕೀವಾಗಿತ್ತು, ನಿಜ. ಆದರೆ ಐದು ಬೆರಳೂ ಬಿಚ್ಚಿಕೊಂಡು ನೆಲವನ್ನು ಹಿಡಿಯುತ್ತಿದ್ದವು. 70 ವರ್ಷದ ಮುದುಕಿಯೂ ತಲೆ ಮೇಲೆ ಹೊರೆ ಹೊತ್ತು ಜಾರು ದಾರಿಯಲ್ಲಿ ಇಳಿಯುವಾಗ ಕಾಲು ತಡವರಿಸುತ್ತಿರಲಿಲ್ಲ. ಚಪ್ಪಲಿ ಹಾಕಿ ಎಂದು ಊರೆಲ್ಲ ಹೇಳಿದ ಬಾಯಿಂದಲೇ ಈಗ ಮನೆಯ ಹುಡುಗಿಗೆ ಆ ಷೂ ಬಿಚ್ಚು ಎನ್ನುತ್ತಿದ್ದೇನೆ. ಎರಡೂ ಒಂದೇ ಮಾತು ಪುಟ್ಟಿ. ಎರಡೂ ಕಾಲಿನ ಸಲುವಾಗಿ.

ನಿನಗೆ ಇದುವರೆಗೆ ಹೇಳದ ಒಂದು ಸಂಗತಿ ಇದೆ. ನರ್ಸ್ ತರಬೇತಿಗೆ ಸೇರುವ ಮುಂಚೆ, 1986ರಲ್ಲಿ, ನಾನು ಊಟಿಯಲ್ಲಿ ಗುಡ್ಡದ ಮೇಲಿನ ಒಂದು ಹೋಟೆಲಿನ ರಿಸೆಪ್ಷನ್ನಿನಲ್ಲಿದ್ದೆ. ಅಂಚಿನ ಸೀರೆ, ಎತ್ತಿ ಕಟ್ಟಿದ ತುರುಬು, ಕಾಲಿಗೆ ಮೂರು ಇಂಚಿನ ಕಪ್ಪು ಹೀಲ್ಸ್. ಷೂವಿನ ದುಡ್ಡನ್ನು ಮೊದಲ ಸಂಬಳದಲ್ಲಿ ಹಿಡಿದುಕೊಂಡರು. ಆದರೂ ಅದರ ಮೇಲೆ ನನಗೆ ಎಷ್ಟು ಮೋಹವಿತ್ತು! ಹಾಕಿಕೊಂಡು ನಿಂತರೆ ಬೆನ್ನು ತಾನೇ ನೆಟ್ಟಗಾಗುತ್ತಿತ್ತು. ಮಸಿನಗುಡಿಯ ಹುಡುಗಿ ಎಂದು ಯಾರಿಗೂ ಗೊತ್ತಾಗುವುದಿಲ್ಲ ಎನ್ನಿಸುತ್ತಿತ್ತು. ಆ ಸಂತೋಷ ಸುಳ್ಳಲ್ಲ, ನಿನಗೂ ಅದು ಇದೆ, ಅದನ್ನು ನಾನು ತಪ್ಪೆನ್ನುವುದಿಲ್ಲ.

ಅಕ್ಟೋಬರ್ ತಿಂಗಳ ಹಿಂಗಾರು ಮಳೆ. ಸಂಜೆ ಕೆಲಸ ಮುಗಿಸಿ ಬಸ್ ಸ್ಟ್ಯಾಂಡಿಗೆ ಇಳಿಯುತ್ತಿದ್ದೆ. ಹತ್ತು ಗಂಟೆ ನಿಂತ ಕಾಲು. ರಸ್ತೆಯ ಮೇಲೆ ನೀಲಗಿರಿ ಎಲೆ ಬಿದ್ದು ಒದ್ದೆಯಾಗಿತ್ತು. ಬಲಗಾಲಿನ ಹೀಲು ಒಂದು ಕಲ್ಲಿನ ಅಂಚಿಗೆ ತಾಗಿತು, ಪಾದ ಒಳಕ್ಕೆ ಮಡಚಿಕೊಂಡಿತು, ಒಳಗೆ ಏನೋ ಚಟ್ ಎಂದ ಸದ್ದು ನನಗೇ ಕೇಳಿಸಿತು. ಯಾರೋ ಟೀ ಅಂಗಡಿಯವರು ಎತ್ತಿ ಕೂರಿಸಿದರು. ಆ ರಾತ್ರಿ ಉಳುಕು ತೆಗೆಯುವವರೊಬ್ಬರು ಎಣ್ಣೆ ಹಚ್ಚಿ ಚೆನ್ನಾಗಿ ತಿಕ್ಕಿ ಎಳೆದರು. ಬೆಳಿಗ್ಗೆ ಕಾಲು ಕುಂಬಳಕಾಯಿಯಾಗಿತ್ತು. ನಾಲ್ಕನೇ ದಿನ ಬಟ್ಟೆ ಸುತ್ತಿಕೊಂಡು ಕೆಲಸಕ್ಕೆ ಹೋದೆ. ಮಾಮೂಲಿ ಚಪ್ಪಲಿಯಲ್ಲಿ ನಿಲ್ಲಲು ಬಿಡಲಿಲ್ಲ. ಅದೇ ಹೀಲ್ಸಿನಲ್ಲಿ ನಿಂತೆ. ಮುಂದಿನ ಎರಡು ವರ್ಷದಲ್ಲಿ ಅದೇ ಕಾಲು ಮತ್ತೆ ಮೂರು ಸಲ ಉಳುಕಿತು. ಈಗಲೂ ಬಸ್ಸಿನ ಮೆಟ್ಟಿಲು ಇಳಿಯುವಾಗ ನಾನು ಎಡಗಾಲನ್ನೇ ಮೊದಲು ಇಡುತ್ತೇನೆ, ನೀನು ಗಮನಿಸಿಲ್ಲ.

ಯಾಕೆ ಹಾಗಾಯಿತು ಎಂದು ನನಗೆ ಅರ್ಥವಾಗಿದ್ದು ಎಷ್ಟೋ ವರ್ಷದ ಮೇಲೆ, ಒಂದು ವೈದ್ಯಕೀಯ ಶಿಬಿರದಲ್ಲಿ ಮೂಳೆ ಡಾಕ್ಟರು ಎಲುಬಿನ ಮಾದರಿ ಇಟ್ಟುಕೊಂಡು ತೋರಿಸಿದಾಗ. ಒಂದು ಪಾದದಲ್ಲಿ 26 ಮೂಳೆ, 33 ಕೀಲು. ಕಾಲ ಗಿಣ್ಣು, ಅಂದರೆ ನಾವು ಗೆಜ್ಜೆ ಕಟ್ಟುವ ಜಾಗ, ಒಂದು ಬಾಗಿಲ ಚೌಕಟ್ಟಿನ ಹಾಗೆ. ಮೇಲಿನಿಂದ ಕಾಲಿನ ಎರಡು ಮೂಳೆಗಳು ಎರಡು ಬದಿಗೆ ಇಳಿದಿವೆ, ಪಾದದ ಒಂದು ಮೂಳೆ ಅವುಗಳ ನಡುವೆ ಕೂತಿದೆ. ಆ ಮೂಳೆ ಮುಂದೆ ಅಗಲ, ಹಿಂದೆ ಕಿರಿದು. ಪಾದ ನೆಲಕ್ಕೆ ಸಮನಾಗಿದ್ದಾಗ ಅಗಲದ ಭಾಗ ಚೌಕಟ್ಟಿನೊಳಗೆ ಬಿಗಿಯಾಗಿ ಕೂರುತ್ತದೆ. ಹಿಮ್ಮಡಿ ಮೇಲೆದ್ದು ಬೆರಳು ಕೆಳಗಾದಾಗ ಕಿರಿದಾದ ಭಾಗ ಅಲ್ಲಿಗೆ ಬಂದು ಕೀಲು ಸಡಿಲಾಗುತ್ತದೆ. ಆಗ ಪಾದ ಒಳಕ್ಕೆ ಮಡಚದಂತೆ ಹಿಡಿದಿಡುವ ಭಾರವೆಲ್ಲ ಹೊರಬದಿಯ ಸಣ್ಣ ನಾರುಪಟ್ಟಿಗಳ ಮೇಲೆ ಬೀಳುತ್ತದೆ. ಡಾಕ್ಟರುಗಳು ಅದಕ್ಕೆ ಲಿಗಮೆಂಟ್ ಎನ್ನುತ್ತಾರೆ. ನನ್ನದು ಹರಿದದ್ದು ಅದೇ. ಒಂದು ಸಲ ಹರಿದು ಸರಿಯಾಗಿ ಕೂಡದಿದ್ದರೆ ಕೀಲಿಗೆ ತಾನು ಹೇಗೆ ನಿಂತಿದ್ದೇನೆ ಎನ್ನುವ ಅರಿವೂ ಮಂಕಾಗುತ್ತದೆ. ಮತ್ತೆ ಮತ್ತೆ ಉಳುಕುವುದು ಅದರಿಂದಲೇ.

ಇನ್ನು ನಮ್ಮ ಬೆಟ್ಟದ ವಿಷಯ. ಚೆನ್ನೈಯ ಸಮರಸ್ತೆಯಲ್ಲಿ ಮೂರು ಇಂಚು ಮೂರೇ ಇಂಚು. ಊಟಿಯಲ್ಲಿ ಹಾಗಲ್ಲ. ಹತ್ತುವಾಗ ರಸ್ತೆಯೇ ನಿನ್ನ ಬೆರಳ ಬದಿಯನ್ನು ಎತ್ತಿ ಕೊಡುತ್ತದೆ, ಆದ್ದರಿಂದ ಹೀಲ್ಸ್ ಹಾಕಿಯೂ ಏರು ಹತ್ತುವುದು ಅಂಥ ಕಷ್ಟ ಅನ್ನಿಸುವುದಿಲ್ಲ. ಇಳಿಯುವಾಗ ಎಲ್ಲ ತಿರುಗುಮುರುಗು: ಷೂವಿನ ಇಳಿಜಾರಿಗೆ ರಸ್ತೆಯ ಇಳಿಜಾರು ಸೇರುತ್ತದೆ. ಮೈಭಾರ ಪೂರ್ತಿ ಮುಂಗಾಲಿಗೆ ಜಾರುತ್ತದೆ, ಬೆರಳುಗಳು ಚೂಪು ಮೂತಿಯೊಳಗೆ ಒತ್ತಿಕೊಳ್ಳುತ್ತವೆ, ಮೇಲೆ ಹೇಳಿದ ಕೀಲು ಅತ್ಯಂತ ಸಡಿಲಾಗಿರುತ್ತದೆ, ನೆಲಕ್ಕೆ ತಾಗಿರುವುದು ರೂಪಾಯಿ ನಾಣ್ಯದಷ್ಟು ಹೀಲು. ನಿನ್ನ ಹಾಸ್ಟೆಲು ಮೇಲೆ, ನೀನು ಕೆಲಸ ಮಾಡುವ ಅಂಗಡಿ ಕೆಳಗೆ ಊಟಿಯ ಕಮರ್ಷಿಯಲ್ ರಸ್ತೆಯಲ್ಲಿ. ದಿನಾ ಬೆಳಿಗ್ಗೆ, ಇಬ್ಬನಿಯಲ್ಲಿ, ಕೆಲವೊಮ್ಮೆ ಹೆಪ್ಪುಗಟ್ಟಿದ ಮಂಜಿನ ಮೇಲೆ, ತಡವಾಯಿತೆಂದು ಓಡುತ್ತಾ ಇಳಿಯುತ್ತೀಯ. ಆ ಹತ್ತು ನಿಮಿಷ ನೆನೆದರೆ ನನ್ನ ಕಾಲು ನೋಯುತ್ತದೆ.

ಬರಿಗಾಲಿಗೆ ಮೀನಖಂಡ ಹಿಡಿಯುತ್ತದೆ ಎಂದೆಯಲ್ಲ, ಅದಕ್ಕೂ ಕಾರಣ ಸಿಕ್ಕಿದೆ. ನಿಮ್ಮಣ್ಣ ಹುಡುಕಿ ಓದಿ ಹೇಳಿದ. ಎರಡು ವರ್ಷಕ್ಕೂ ಹೆಚ್ಚು ಕಾಲ 5 ಸೆಂಟಿಮೀಟರ್‌ಗಿಂತ ಎತ್ತರದ ಹೀಲ್ಸನ್ನು ವಾರದಲ್ಲಿ ಹೆಚ್ಚು ದಿನ ಹಾಕಿದ ಹೆಂಗಸರ ಕಾಲನ್ನು ಮ್ಯಾಂಚೆಸ್ಟರ್, ವಿಯೆನ್ನಾದ ಸಂಶೋಧಕರು ಅಳೆದು ನೋಡಿ 2010ರಲ್ಲಿ ಪ್ರಕಟಿಸಿದರಂತೆ. ಮೀನಖಂಡದ ಎಳೆಗಳು ಚಪ್ಪಟೆ ಷೂ ಹಾಕುವವರಿಗಿಂತ ಶೇಕಡಾ 13ರಷ್ಟು ಗಿಡ್ಡವಾಗಿದ್ದವು, ಹಿಮ್ಮಡಿಗೆ ಅಂಟಿದ ಅಕಿಲಿಸ್ ಹುರಿ ದಪ್ಪವಾಗಿ ಬಿರುಸಾಗಿತ್ತು. ಹಿಮ್ಮಡಿ ದಿನವೆಲ್ಲ ಮೇಲೇ ಇದ್ದರೆ ಮಾಂಸಖಂಡ ಅಷ್ಟೇ ಉದ್ದ ಸಾಕು ಎಂದುಕೊಂಡುಬಿಡುತ್ತದೆ. ಬರಿಗಾಲಿಟ್ಟಾಗ ಅದನ್ನು ಎಳೆದ ಹಾಗಾಗಿ ನೋಯುತ್ತದೆ. ನಿನಗೆ ಹೀಲ್ಸ್ ಆರಾಮ ಅನ್ನಿಸುತ್ತಿರುವುದೇ ರೋಗದ ಗುರುತು ಮಗಳೇ. ಒಂದು ಎಚ್ಚರಿಕೆ: ಇದನ್ನು ಓದಿ ನಾಳೆಯೇ ತೆಳ್ಳನೆಯ ಹವಾಯಿ ಚಪ್ಪಲಿಗೆ ಇಳಿಯಬೇಡ. ಗಿಡ್ಡವಾದ ಖಂಡವನ್ನು ಒಮ್ಮೆಲೇ ಎಳೆದರೆ ಹಿಮ್ಮಡಿ ನೋವು ಶುರುವಾಗುತ್ತದೆ. ಎತ್ತರ ಸ್ವಲ್ಪ ಸ್ವಲ್ಪವಾಗಿ ಇಳಿಯಲಿ.

ಈ ಹೀಲ್ಸ್ ನಡೆಯುವುದಕ್ಕೆಂದು ಹುಟ್ಟಿದ್ದೇ ಅಲ್ಲ. ಪರ್ಷಿಯಾದ ಕುದುರೆ ಸವಾರರು ಓಡುವ ಕುದುರೆಯ ಮೇಲೆ ಎದ್ದು ನಿಂತು ಬಾಣ ಬಿಡುವಾಗ ಕಾಲು ರಿಕಾಪಿನಿಂದ ಜಾರದಿರಲಿ ಎಂದು ಹಿಮ್ಮಡಿಗೆ ಎತ್ತರ ಕಟ್ಟಿಸಿಕೊಂಡರು. ಯುರೋಪಿನ ಗಂಡಸರು ಅದನ್ನು ನೋಡಿ ಹಾಕಿಕೊಂಡರು, ಆಮೇಲೆ ಹೆಂಗಸರು. ಗಂಡಸರು ಬಿಟ್ಟರು. ಹೆಂಗಸರ ಕಾಲಿಗೆ ಅದು ಉಳಿಯಿತು.

ನೋವು ತಿನ್ನಬಾರದು ಎಂದು ನಾನು ಹೇಳುತ್ತಿಲ್ಲ. ನನ್ನ ಜೊತೆ ಕೆಲಸ ಮಾಡಿದ ಬಡಗರ ಗೆಳತಿ ಹೆತ್ತೆ ಹಬ್ಬಕ್ಕೆ ಬಿಳಿ ಬಟ್ಟೆ ಉಟ್ಟು, ಪುಷ್ಯದ ಚಳಿಯಲ್ಲಿ ಬೇರಗಣಿಗೆ ಬರಿಗಾಲಲ್ಲಿ ನಡೆಯುತ್ತಿದ್ದಳು. ಪಾದ ಬಿರಿದು ರಕ್ತ ಬಂದರೂ ಮುಖದಲ್ಲಿ ಕಳೆ ಇರುತ್ತಿತ್ತು. ಅದು ಅವಳೇ ಹೊತ್ತ ವ್ರತ. ನಿನ್ನ ಹೀಲ್ಸ್ ಯಾರ ವ್ರತ? ಹಬ್ಬಕ್ಕೆ, ಮದುವೆಗೆ, ನಿನ್ನ ಖುಷಿಗೆ ಎರಡು ಗಂಟೆ ಹಾಕು, ನಾನೇ ದೃಷ್ಟಿ ತೆಗೆಯುತ್ತೇನೆ. ಇನ್ನೊಬ್ಬರ ಅಂಗಡಿ ಚೆಂದ ಕಾಣಲಿ ಎಂದು ದಿನಕ್ಕೆ ಹತ್ತು ಗಂಟೆ ನಿನ್ನ ಮೂಳೆ ವಾಲುವುದು ನನಗೆ ಒಪ್ಪಿಗೆಯಿಲ್ಲ. ಬಂದ ಗಿರಾಕಿಗಳಿಗೆ ಬಗ್ಗಿ ಕಾಲುಚೈನು, ಕಾಲುಂಗುರ ತೊಡಿಸಿ ಅಳತೆ ನೋಡುತ್ತೀಯಂತೆ. ಅವರ ಕಾಲಿಗೆ ಅಷ್ಟು ಮರ್ಯಾದೆ ಕೊಡುವವಳ ಕಾಲನ್ನು ನೋಡುವವರು ಯಾರು?

ಹೀಲ್ಸ್ ಬಿಟ್ಟರೆ ಕೆಲಸ ಹೋಗುತ್ತೆ ಎಂಬ ನಿನ್ನ ಭಯ ನನಗೆ ಅರ್ಥವಾಗುತ್ತದೆ. ನನಗೂ ಅದೇ ಭಯವಿತ್ತು, ಅದಕ್ಕೇ ನಾಲ್ಕನೇ ದಿನ ಹೋದದ್ದು. ಆದರೆ ಆಗ ನನ್ನ ಬೆನ್ನಿಗಿಲ್ಲದ ಒಂದಷ್ಟು ಜನ ಈಗ ನಿನ್ನ ಬೆನ್ನಿಗಿದ್ದಾರೆ. 2015ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ನಿಕೋಲಾ ಥಾರ್ಪ್ ಎಂಬ ಹುಡುಗಿ ಚಪ್ಪಟೆ ಷೂ ಹಾಕಿಕೊಂಡು ರಿಸೆಪ್ಷನ್ ಕೆಲಸಕ್ಕೆ ಹೋದಳು. ಹೀಲ್ಸ್ ಹಾಕುವುದಿಲ್ಲ ಎಂದದ್ದಕ್ಕೆ ಸಂಬಳವಿಲ್ಲದೆ ಮನೆಗೆ ಕಳಿಸಿದರು. ಅವಳು ಬರೆದ ಮನವಿಗೆ ಒಂದೂವರೆ ಲಕ್ಷ ಜನ ಸಹಿ ಹಾಕಿ, 2017ರಲ್ಲಿ ಅದು ಅಲ್ಲಿನ ಪಾರ್ಲಿಮೆಂಟಿನಲ್ಲಿ ಚರ್ಚೆಗೆ ಬಂತು. ಸರ್ಕಾರ ಹೊಸ ಕಾನೂನು ತರಲಿಲ್ಲ, ಅದು ನನಗೆ ಬೇಸರ. ಆದರೆ ಅದೇ ವರ್ಷ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ ಹೆಂಗಸರಿಗೆ ಹೀಲ್ಸ್ ಕಡ್ಡಾಯ ಮಾಡುವುದನ್ನು ನಿಲ್ಲಿಸಿತು, ಫಿಲಿಪ್ಪೀನ್ಸ್ ಕೂಡ. 2019ರಲ್ಲಿ ಜಪಾನಿನ ಯೂಮಿ ಇಶಿಕಾವಾ ಎದ್ದು ನಿಂತಳು. ಅವರ ಭಾಷೆಯಲ್ಲಿ ಷೂವಿಗೂ ನೋವಿಗೂ ಹೆಚ್ಚುಕಡಿಮೆ ಒಂದೇ ಸದ್ದಿನ ಮಾತಂತೆ. ಅವೆರಡನ್ನೂ ಕೂಡಿಸಿ ಹೋರಾಟಕ್ಕೆ ಹೆಸರಿಟ್ಟಳು. ನಮ್ಮಲ್ಲೂ 2022ರಲ್ಲಿ ಶುರುವಾದ ಆಕಾಸಾ ವಿಮಾನ ಸಂಸ್ಥೆ ತನ್ನ ಗಗನಸಖಿಯರಿಗೆ ಮೊದಲ ದಿನದಿಂದಲೇ ಸ್ನೀಕರ್ಸ್ ಕೊಟ್ಟಿದೆ. ಅವರು ಚೆಂದ ಕಾಣುವುದಿಲ್ಲವೇ?

ಅಷ್ಟು ದೂರವೂ ಬೇಡ. ಗೂಡಲೂರಿನಿಂದ ನಾಡುಗಾಣಿ ಇಳಿದರೆ ಕೋಳಿಕೋಡು. ಅಲ್ಲಿಯ ಮಿಠಾಯಿ ತೆರುವಿನ ಅಂಗಡಿಗಳಲ್ಲಿ ಹೆಣ್ಣಾಳುಗಳು ದಿನವಿಡೀ ನಿಲ್ಲಬೇಕಿತ್ತು, ಕೂರುವಂತಿರಲಿಲ್ಲ, ಮೂತ್ರಕ್ಕೆ ಹೋಗಲೂ ಜಾಗವಿರಲಿಲ್ಲ. ಬಟ್ಟೆ ಹೊಲಿಯುವ ಪಿ. ವಿಜಿ ಎಂಬ ಹೆಂಗಸು ಪೆಣ್‌ಕೂಟ್ಟ್ ಎಂಬ ಸಂಘ ಕಟ್ಟಿ ವರ್ಷಗಟ್ಟಲೆ ಹೋರಾಡಿದಳು. 2018ರಲ್ಲಿ ಕೇರಳ ಸರ್ಕಾರ ಕಾನೂನು ತಿದ್ದಿ ಅಂಗಡಿ ಕೆಲಸದವರಿಗೆ ಕೂರುವ ಹಕ್ಕು ಕೊಟ್ಟಿತು. 2021ರಲ್ಲಿ ನಮ್ಮ ತಮಿಳುನಾಡು ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಗೆ 22-ಎ ಎಂಬ ಕಲಮು ಸೇರಿತು. ಎಲ್ಲ ನೌಕರರಿಗೂ ಕೂರುವ ವ್ಯವಸ್ಥೆ ಇರಬೇಕು, ಕೆಲಸದ ನಡುವೆ ಬಿಡುವು ಸಿಕ್ಕಾಗ ಕೂರಲು ಬಿಡಬೇಕು, ದಿನವಿಡೀ ತುದಿಗಾಲಲ್ಲಿ ನಿಲ್ಲುವ ಪರಿಸ್ಥಿತಿ ತಪ್ಪಬೇಕು ಎನ್ನುವುದು ಅದರ ಸಾರ. ತುದಿಗಾಲು ಎನ್ನುವ ಮಾತನ್ನು ಓದಿ ನನಗೆ ಗಂಟಲು ಕಟ್ಟಿತು. ನೀನು ಹೀಲ್ಸಿನಲ್ಲಿ ನಿಂತಿರುವುದು ನಿಜವಾಗಿಯೂ ತುದಿಗಾಲಿನಲ್ಲೇ ಅಲ್ಲವೇ?

ಆದ್ದರಿಂದ ಮೊದಲು ಸ್ಟೂಲು ಕೇಳು. ಒಬ್ಬಳೇ ಹೋಗಬೇಡ, ಕೌಂಟರಿನ ನಾಲ್ಕು ಜನ ಹುಡುಗಿಯರು ಸೇರಿ ಹೋಗಿ, ಮರ್ಯಾದೆಯಿಂದ ಕೇಳಿ. ಹೀಲ್ಸಿನ ಬಗ್ಗೆ ಕಾನೂನಿನಲ್ಲಿ ಮಾತಿಲ್ಲ, ಅಲ್ಲಿ ನೀವೇ ಮಾತಾಡಬೇಕು. ಒಂದೂವರೆ ಇಂಚಿನ ಅಗಲ ಹಿಮ್ಮಡಿಯ ಕಪ್ಪು ಷೂ ಒಂದನ್ನು ತೆಗೆದುಕೊಂಡು ಹೋಗಿ ತೋರಿಸಿ. ಸೀರೆಯ ನೆರಿಗೆಯ ಕೆಳಗೆ ಅದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ ಕಾಣುತ್ತದೆ ಎಂದು ಅವರೇ ನೋಡಲಿ. ಏಪ್ರಿಲ್, ಮೇ ಸೀಜನ್ ಶುರುವಾಗುವ ಮುಂಚೆ ಕೇಳುವುದು ಒಳ್ಳೆಯದು. ಫ್ಲವರ್ ಷೋ ಜನ ಬಂದ ಮೇಲೆ ಯಾರಿಗೂ ಕೇಳಿಸಿಕೊಳ್ಳಲು ಪುರುಸೊತ್ತಿರುವುದಿಲ್ಲ, ನಿಮಗೂ ಕೂರಲು ಆಗುವುದಿಲ್ಲ.

ಅವರು ಒಪ್ಪುವ ತನಕ ಒಂದು ಕೆಲಸ ಮಾಡು. ಹೀಲ್ಸ್ ಚೀಲದಲ್ಲಿರಲಿ, ಅಂಗಡಿಯ ಬಾಗಿಲಲ್ಲಿ ಹಾಕಿಕೋ. ದಾರಿಗೆ ಹಿಂದೆ ಗಟ್ಟಿಯಾಗಿ ಹಿಡಿಯುವ, ಅಡಿಯಲ್ಲಿ ಗೀರು ಇರುವ ಷೂ. ರಾತ್ರಿ ಹಾಸ್ಟೆಲಿನ ಮೆಟ್ಟಿಲ ಅಂಚಿನಲ್ಲಿ ಮುಂಗಾಲಿಟ್ಟು, ಗೋಡೆ ಹಿಡಿದು, ಹಿಮ್ಮಡಿಯನ್ನು ಮೆಲ್ಲಗೆ ಕೆಳಗಿಳಿಸಿ ಅರ್ಧ ನಿಮಿಷ ನಿಲ್ಲು. ಹಲ್ಲುಜ್ಜುವಾಗ ಒಂಟಿಕಾಲಲ್ಲಿ ನಿಲ್ಲು, ಬಲಗಾಲು ಸ್ವಲ್ಪ ಹೊತ್ತು, ಎಡಗಾಲು ಸ್ವಲ್ಪ ಹೊತ್ತು. ನನ್ನ ಹಾಳಾದ ಗಿಣ್ಣು ಇಷ್ಟಾದರೂ ನಿಂತಿರುವುದು ಈ ಒಂಟಿಕಾಲಿನ ಅಭ್ಯಾಸದಿಂದ. ಮೂರನೇ, ನಾಲ್ಕನೇ ಬೆರಳ ನಡುವೆ ಉರಿ, ಷೂವಿನಲ್ಲಿ ಕಲ್ಲಿದ್ದ ಹಾಗೆ ಅನ್ನಿಸಿದರೆ ಮುಚ್ಚಿಡಬೇಡ, ನರ ಒತ್ತಿಕೊಂಡಿರುತ್ತದೆ, ಡಾಕ್ಟರಿಗೆ ತೋರಿಸು. ಆಣಿಯನ್ನು ಬ್ಲೇಡಿನಲ್ಲಿ ಕೆತ್ತಬೇಡ.

ದೇವರು ದೊಡ್ಡವನು, ಉಳುಕದಿರಲಿ. ಉಳುಕಿದರೆ ಅವತ್ತು ಎಣ್ಣೆ ತಿಕ್ಕಿಸಬೇಡ, ಯಾರ ಕೈಗೂ ಎಳೆಯಲು ಕೊಡಬೇಡ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡು, ಕ್ರೇಪ್ ಬ್ಯಾಂಡೇಜ್ ಕಟ್ಟಿ ಕಾಲನ್ನು ದಿಂಬಿನ ಮೇಲಿಟ್ಟು ಮಲಗು. ನಾಲ್ಕು ಹೆಜ್ಜೆ ಊರಲಾಗದಿದ್ದರೆ, ಅಥವಾ ಗಿಣ್ಣಿನ ಮೂಳೆಯ ಹಿಂಬದಿ ಒತ್ತಿದಾಗ ಜೀವ ಹೋಗುವಂತೆ ನೋವಾದರೆ, ಎಕ್ಸ್‌ರೇ ತೆಗೆಸಲೇಬೇಕು. ನಾಲ್ಕನೇ ದಿನ ಕೆಲಸಕ್ಕೆ ಮಾತ್ರ ಹೋಗಬೇಡ. ನನಗೆ ಫೋನ್ ಮಾಡು, ನಾನು ಮೊದಲ ಬಸ್ಸಿಗೆ ಕಲ್ಲಟ್ಟಿಯ 36 ತಿರುವು ಹತ್ತಿ ಬರುತ್ತೇನೆ.

ಅಳತೆಯ ವಿಷಯ ಒಂದಿದೆ. ನೀನು "ನಂಬರ್ ಐದು" ಎಂದು ಕೊಳ್ಳುವುದು ಬ್ರಿಟಿಷರು ಬಿಟ್ಟುಹೋದ ಲೆಕ್ಕ. ಚೆನ್ನೈಯ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರಿನಿಂದ 2022ರ ಮಾರ್ಚಿನವರೆಗೆ ದೇಶದ 79 ಕಡೆ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದರು. ನಮ್ಮವರ ಪಾದ ಯುರೋಪು, ಅಮೆರಿಕದವರ ಪಾದಕ್ಕಿಂತ ಅಗಲ ಎಂದು ತಿಳಿಯಿತು. ನಮಗೇ ಬೇರೆ ಅಳತೆ ಬೇಕು ಎಂದು 'ಭಾ' ಎಂಬ ಕ್ರಮವನ್ನೂ ಸೂಚಿಸಿದ್ದಾರೆ. ಅದು ಅಂಗಡಿಗೆ ಬರುವ ತನಕ ನಾನು ಹಳ್ಳಿಗಳಲ್ಲಿ ಹೇಳಿಕೊಡುತ್ತಿದ್ದ ಉಪಾಯವೇ ಗತಿ: ಕಾಗದದ ಮೇಲೆ ನಿಂತು ಪಾದದ ಸುತ್ತ ಗೀಟೆಳೆದು, ಕೊಳ್ಳಬೇಕೆಂದಿರುವ ಷೂವನ್ನು ಅದರ ಮೇಲಿಡುವುದು. ಗೀಟು ಷೂವಿನಿಂದ ಹೊರಗೆ ಕಂಡರೆ ಅದು ನಿನ್ನ ಷೂ ಅಲ್ಲ.

ಈ ಕಾಗದದ ಕೊನೆಯ ಎರಡು ಹಾಳೆ ಖಾಲಿ ಬಿಟ್ಟಿದ್ದೇನೆ. ಸಂಜೆ ಅಂಗಡಿಯಿಂದ ಬಂದ ಮೇಲೆ, ಪಾದ ಸ್ವಲ್ಪ ಊದಿಕೊಂಡಿರುವಾಗಲೇ, ನಿಂತುಕೊಂಡು ಗೀಟೆಳೆಸು. ಕೂತು ಎಳೆದರೆ ಅಳತೆ ಚಿಕ್ಕದಾಗುತ್ತದೆ. ಜೊತೆಯ ಹುಡುಗಿಯ ಕೈಲಿ ಎಳೆಸು, ಅವಳದೂ ಎಳೆದುಕೊಡು. ಬರುವ ವಾರ ನಾನು ಮೈಸೂರಿಗೆ ಹೋಗುತ್ತಿದ್ದೇನೆ, ನಿಮ್ಮಿಬ್ಬರಿಗೂ ಷೂ ತರುತ್ತೇನೆ. ಎರಡೂ ಪಾದ ಬರೆಸು ಪುಟ್ಟಿ, ಬಲ ಬೇರೆ ಎಡ ಬೇರೆ. ಎರಡೂ ಒಂದೇ ಅಳತೆ ಇರುವುದಿಲ್ಲ.

ಇತಿ,
ನಿನ್ನ ದೊಡ್ಡಮ್ಮ